ಗಂಜಿ ಕುಡಿದ ಕಾರು

ಕಾರು ಕೊಳ್ಳುವ ಮೊದಲು ಬಾನೆಟ್ ಎತ್ತಿ ನೋಡಬೇಕು ಎನ್ನುವುದು ಹತ್ತು ವರ್ಷದವಳಿದ್ದಾಗಲೇ ನನಗೆ ಗೊತ್ತಿತ್ತು. ಅಪ್ಪ ಉಡುಪಿ ಕಡೆಯ ಒಂದು ಬಸ್ ಕಂಪೆನಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದವಳು, ಅವರು ಉಂಡು ಕೈತೊಳೆದು ಮತ್ತೆ ಬಸ್ಸಿನಡಿ ತೂರುವವರೆಗೂ ಅಲ್ಲೇ ಕೂತು, ಯಾವ ಸದ್ದಿಗೆ ಯಾವ ರೋಗ ಎಂದು ಕಲಿತವಳು ನಾನು. ಅಂಥವಳು ಮಸ್ಕತ್ತಿನಲ್ಲಿ ನಮ್ಮ ಮೊದಲ ಕಾರನ್ನು ಬಾನೆಟ್ ಎತ್ತದೆಯೇ ಮನೆಗೆ ತಂದೆ ಎಂದರೆ ಅದಕ್ಕೆ ಕಾರಣ ಒಂದೇ. ಮಾರಿದವರು ಊರಿನವರು.

ಊರಿನವರು ಎಂದರೆ ನಮ್ಮವರಿಗೆ ಬುದ್ಧಿ ಮಂಕಾಗುತ್ತದೆ. ಒಮಾನಿಯ ಕಾರಾದರೆ ನಾಲ್ಕು ಜನ ಸೇರಿ ಟಯರು ಒದೆಯುತ್ತಾರೆ, ಮಲಯಾಳಿಯ ಕಾರಾದರೆ ಗ್ಯಾರೇಜಿಗೆ ಒಯ್ದು ತೋರಿಸುತ್ತಾರೆ. ಊರಿನವರ ಕಾರಾದರೆ ಮಾತ್ರ ಚಹಾ ಕುಡಿದು, ಮಂಗಳೂರಿನಲ್ಲಿ ಮಳೆ ಹೇಗುಂಟಂತೆ ಎಂದು ಕೇಳಿ, ಕೀಲಿ ತೆಗೆದುಕೊಂಡು ಬರುತ್ತಾರೆ. ಪರೀಕ್ಷೆ ಮಾಡಿದರೆ ಅವರನ್ನು ಸುಳ್ಳರು ಅಂದ ಹಾಗೆ. ನಾನು ಅವತ್ತು ಬಾನೆಟ್ಟಿನ ಕಡೆ ಒಂದು ಹೆಜ್ಜೆ ಇಟ್ಟಿದ್ದೆ. ನನ್ನ ಗಂಡ ಕಣ್ಣಲ್ಲೇ ಬೇಡ ಅಂದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಅವರ ಕಣ್ಣಿನ ಮಾತು ಕೇಳಿದ್ದು ಅದೊಂದೇ ಸಲ ಇರಬೇಕು, ಅದೂ ಕೇಳಬಾರದಿದ್ದ ಕಡೆ.

ಕಾರಿನ ಧಣಿ ಮಂಗಳೂರು ಕಡೆಯ ಕ್ರೈಸ್ತರು, ವಯಸ್ಸಾದವರು. ಅಂಥವರನ್ನು ನಮ್ಮ ತುಳುವಿನಲ್ಲಿ ಗೌರವದಿಂದ ಪೊರ್ಬು ಎಂದೂ ಅವರ ಹೆಂಡತಿಯನ್ನು ಬಾಯಮ್ಮ ಎಂದೂ ಅನ್ನುವುದು ವಾಡಿಕೆ, ನಾನೂ ಹಾಗೇ ಅನ್ನುತ್ತೇನೆ. ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಹೆಂಡತಿಗೆ ಸ್ವಲ್ಪ ಹುಷಾರಿಲ್ಲ, ಇನ್ನು ಊರಿಗೇ ಹೋಗುತ್ತೇವೆ ಎಂದು ಮನೆಯ ಸಾಮಾನೆಲ್ಲ ಗುರುತಿನವರಿಗೆ ಹಂಚುತ್ತಿದ್ದರು. ಹೆಂಡತಿ ಒಳಗೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ತೆಳ್ಳಗೆ, ಹಳದಿ ಬಣ್ಣಕ್ಕೆ ತಿರುಗಿದ ಮುಖ, ನಗು ಮಾತ್ರ ಜೋರು. ನನ್ನ ಮಗಳ ಕೈಗೆ ಒಂದು ಬಾಟಲಿ ಲಿಂಬೆ ಉಪ್ಪಿನಕಾಯಿ ಕೊಟ್ಟು, ಕಾರಿನ ಬಗ್ಗೆ ನನಗೆ ಒಂದೇ ಮಾತು ಹೇಳಿದರು.

"ನಾನು ಬೈದು ಬೈದು ಓಡಿಸಿದ ಕಾರು ಅದು. ನೀನೂ ಬೈತಾ ಇರು, ಓಡ್ತದೆ."

ನಾನು ತಮಾಷೆ ಅಂದುಕೊಂಡೆ. ನಕ್ಕು ಬಂದೆ.

ನಮಗೆ ಕಾರು ಷೋಕಿಗೆ ಬೇಕಾಗಿರಲಿಲ್ಲ. ಅದನ್ನು ಮೊದಲೇ ಹೇಳಬೇಕಿತ್ತು. ಮದುವೆಯಾದ ಮೇಲೆ ಐದು ವರ್ಷ ನಾನು ಊರಲ್ಲಿ, ಇವರು ಮಸ್ಕತ್ತಿನಲ್ಲಿ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದರು. ಮಗಳು ಹುಟ್ಟಿ ಎರಡನೆಯ ಸಲ ಬಂದಾಗ ಅವಳು ಇವರನ್ನು ಮಾಮ ಎಂದು ಕರೆದಳು. ಇವರು ಸರಿಪಡಿಸಲಿಲ್ಲ, ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಕೊನೆಗೆ ಫ್ಯಾಮಿಲಿ ವೀಸಾ ಆಯಿತು. ಅಲ್ ಗುಬ್ರಾದಲ್ಲಿ ಎರಡು ಕೋಣೆಯ ಫ್ಲ್ಯಾಟು, ಮಗಳಿಗೆ ಇಂಡಿಯನ್ ಸ್ಕೂಲು. ಮೂವರೂ ಒಂದೇ ಚಾಪೆಯಲ್ಲಿ ಕೂತು ಉಣ್ಣುವ ಭಾಗ್ಯ ಬಂತು ಅನ್ನುವಷ್ಟರಲ್ಲಿ ಮಗಳಿಗೆ ಉಬ್ಬಸ ಶುರುವಾಯಿತು. ಆ ಊರಿನ ಧೂಳು ಅವಳ ಎದೆಗೆ ಆಗುತ್ತಿರಲಿಲ್ಲ.

ಮೊದಲ ಸಲ ಜೋರಾಗಿ ಬಂದಾಗ ಇವರು ಕೆಲಸದ ಮೇಲೆ ದೂರದ ನಿಜ್ವಾದ ಸೈಟಿಗೆ ಹೋಗಿದ್ದರು. ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು ದೊಡ್ಡ ರಸ್ತೆಯವರೆಗೆ ನಡೆದೆ. ಧೂಳಿನಲ್ಲಿ ಒಂದು ಟ್ಯಾಕ್ಸಿಯೂ ನಿಲ್ಲಲಿಲ್ಲ. ಕೊನೆಗೆ ಪಿಕಪ್ಪಿನಲ್ಲಿ ಹೋಗುತ್ತಿದ್ದ ಒಬ್ಬ ಒಮಾನಿ ಮುದುಕ ನಿಲ್ಲಿಸಿ, ಮಗುವಿನ ಮುಖ ನೋಡಿ, ಏನೂ ಕೇಳದೆ ಆಸ್ಪತ್ರೆಗೆ ತಲುಪಿಸಿದ. ಆ ಪುಣ್ಯಾತ್ಮನ ಹೆಸರೂ ಗೊತ್ತಿಲ್ಲ. ಡಾಕ್ಟರು ಮಗುವನ್ನು ಸುಧಾರಿಸಿದ ಮೇಲೆ, ಇನ್ನೊಂದು ಸಲ ಇಷ್ಟು ತಡ ಮಾಡಬೇಡಿ ಎಂದರು. ಆ ವಾರ ಇವರು ಗೋಡೆ ನೋಡಿಕೊಂಡು ಹೇಳಿದರು: ಹೀಗಾದರೆ ಆಗುವುದಿಲ್ಲ, ನೀವಿಬ್ಬರು ಊರಿಗೆ ಹೋಗಿ, ಅಲ್ಲಿ ಮನೆ ಬಾಗಿಲಲ್ಲೇ ಡಾಕ್ಟರು ಇದ್ದಾರೆ.

ಐದು ವರ್ಷ ಗಂಡನನ್ನು ನೀಲಿ ಏರೋಗ್ರಾಮಿನಲ್ಲಿ ನೋಡಿದವಳು ನಾನು. ಮತ್ತೆ ಆ ನೀಲಿ ಕಾಗದಕ್ಕೆ ಹಿಂತಿರುಗಲು ತಯಾರಿರಲಿಲ್ಲ. ಒಂದು ಕಾರು ತೆಗೆದುಕೊಳ್ಳುವ, ನಾನು ಲೈಸೆನ್ಸ್ ಮಾಡುತ್ತೇನೆ, ಮೂರು ತಿಂಗಳು ನೋಡುವ ಎಂದೆ. ಇವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೂರು ತಿಂಗಳಲ್ಲಿ ಕಾರಿನ ಮೇಲೆ ಭರವಸೆ ಬಾರದಿದ್ದರೆ ನಾನು ಎರಡು ಮಾತಾಡದೆ ವಿಮಾನ ಹತ್ತಬೇಕು. ಆಗಲಿ ಎಂದೆ. ಡ್ರಮ್ಮುಗಳ ನಡುವೆ ರಿವರ್ಸ್ ಹೋಗುವ ಪರೀಕ್ಷೆಯಲ್ಲಿ ಎರಡು ಸಲ ಡ್ರಮ್ಮು ಬೀಳಿಸಿ ಮೂರನೆಯ ಸಲ ಲೈಸೆನ್ಸ್ ಪಡೆದೆ. ಕಾರು ಪೊರ್ಬುಗಳದ್ದು ಸಿಕ್ಕಿತು. ಬಿಳಿ ಬಣ್ಣದ ಜಪಾನ್ ಕಾರು, ಹೊರಗಿನಿಂದ ನೋಡಲು ಮದುಮಗಳ ಹಾಗೆ.

ಮನೆಗೆ ತಂದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ.

ಆಗ ಎತ್ತಿದೆ ಬಾನೆಟ್. ಹೊರಗೆ ಥಳಕು, ಒಳಗೆ ಹುಳುಕು. ಬ್ಯಾಟರಿಯ ಕೊಂಡಿ ಸಡಿಲಾದಲ್ಲಿ ಬಿಗಿ ಮಾಡಲು ಎರಡು ಮೊಳೆ ಹೊಡೆದಿದ್ದರು. ಮನೆ ಗೋಡೆಗೆ ಕ್ಯಾಲೆಂಡರ್ ನೇತುಹಾಕುವ ಮೊಳೆ. ಮೊಳೆ ಅಲುಗಿದರೆ ಕರೆಂಟು ಇಲ್ಲ, ಅಲುಗದಿದ್ದರೆ ಉಂಟು. ಸೈಲೆನ್ಸರ್ ತುಕ್ಕು ಹಿಡಿದು ತೂತಾದಲ್ಲಿ ಹಾಲಿನ ಪುಡಿಯ ಡಬ್ಬಿಯನ್ನು ಕತ್ತರಿಸಿ ಸುತ್ತಿ ತಂತಿ ಬಿಗಿದಿದ್ದರು. ಮುಂದಿನ ಎಡಗಡೆಯ ಕಿಟಕಿಯ ಗಾಜು ಒಳಗೆ ಜಾರದಂತೆ ಒಂದು ಮರದ ಚಕ್ಕೆ ಸಿಕ್ಕಿಸಿದ್ದರು, ಹೊಂಡ ಬಂದಾಗಲೆಲ್ಲ ಚಕ್ಕೆ ಒಂದು ಕಡೆ, ಗಾಜು ಇನ್ನೊಂದು ಕಡೆ. ಹಿಂದಿನ ಬಲಗಡೆಯ ಬಾಗಿಲನ್ನು ಒಳಗಿನಿಂದ ಹಸಿರು ನೈಲಾನ್ ಹಗ್ಗದಲ್ಲಿ ಸೀಟಿನ ಕಾಲಿಗೆ ಕಟ್ಟಿಹಾಕಿದ್ದರು, ಹಟ್ಟಿಯಲ್ಲಿ ದನ ಕಟ್ಟಿದ ಹಾಗೆ. ಇಡೀ ಕಾರಿನಲ್ಲಿ ಕಂಪೆನಿ ಕೊಟ್ಟ ಹಾಗೇ, ಯಾರ ಕೈಯೂ ತಾಗದೆ ಉಳಿದದ್ದು ಹಾರ್ನ್ ಒಂದೇ. ಅದು ಮಾತ್ರ ಒತ್ತಿದರೆ ಬೀದಿಯೇ ತಿರುಗಿ ನೋಡುತ್ತಿತ್ತು.

ನನ್ನ ಸಿಟ್ಟು ನೆತ್ತಿಗೇರಿದ್ದು ಡ್ಯಾಶ್‌ಬೋರ್ಡಿನ ಅಡಿ ನೋಡಿದಾಗ. ಅಲ್ಲಿ ಮನೆಯ ಗೋಡೆಗೆ ಹಾಕುವ ಬಿಳಿ ಸ್ವಿಚ್ಚೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಟಕ್ ಅನ್ನಿಸಿದರೆ ರೇಡಿಯೇಟರಿನ ಫ್ಯಾನ್ ತಿರುಗುತ್ತದೆ. ಎಂಜಿನ್ ಬಿಸಿಯಾದಾಗ ಫ್ಯಾನ್ ತಾನಾಗಿ ತಿರುಗಬೇಕು, ಅದಕ್ಕೆಂದೇ ರೇಡಿಯೇಟರಿನಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದು ಕೆಟ್ಟಿದೆ, ಪೊರ್ಬುಗಳು ಬದಲಿಸಲಿಲ್ಲ, ಮಲಗುವ ಕೋಣೆಯ ಸ್ವಿಚ್ಚು ತಂದು ಹಾಕಿದ್ದಾರೆ. ಕಾರು ಓಡಿಸುವವರು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡಿಕೊಂಡು, ಏರಿದಾಗ ಸ್ವಿಚ್ಚು ಒತ್ತಬೇಕು.

ಇನ್ನು ಗಂಜಿಯ ವಿಷಯ. ಕಾರು ಯಾಕೆ ಇಷ್ಟು ಬೇಗ ಬಿಸಿಯಾಗುತ್ತದೆ ಎಂದು ರೇಡಿಯೇಟರಿನ ಮುಚ್ಚಳ ತೆಗೆದೆ. ಗಪ್ಪನೆ ಹುಳಿ ವಾಸನೆ ಬಂತು. ನನಗೆ ಆ ವಾಸನೆ ಚೆನ್ನಾಗಿ ಗೊತ್ತು, ಆದರೆ ಕಾರಿನೊಳಗಿಂದ ಬರಬಾರದ ವಾಸನೆ. ಅಡಿಯ ತಿರುಪು ಬಿಚ್ಚಿ ನೀರು ಇಳಿಸಿದೆ. ಬಿಳಿಚಿಕೊಂಡ, ಲೋಳೆ ಲೋಳೆಯಾದ ನೀರು. ಕೊನೆಯಲ್ಲಿ ಬಕೆಟ್ಟಿಗೆ ಬಿದ್ದದ್ದು ನಾಲ್ಕು ಅನ್ನದ ಅಗಳು. ದಪ್ಪ, ಕೆಂಪು, ಅಪ್ಪಟ ಕುಚ್ಚಲಕ್ಕಿ.

ರೇಡಿಯೇಟರ್ ಸೋರಿದರೆ ಲಾರಿಯವರು ಅರಸಿನ ಪುಡಿ ಹಾಕುವುದನ್ನು ನಾನು ಅಪ್ಪನ ಗ್ಯಾರೇಜಿನಲ್ಲಿ ನೋಡಿದ್ದೆ. ಗಂಜಿ ತಿಳಿ ಎರೆದವರನ್ನು ಎಲ್ಲೂ ನೋಡಿರಲಿಲ್ಲ. ಅದು ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವ ಉಪಾಯ. ಜ್ವರಕ್ಕೆ ಗಂಜಿ, ಭೇದಿಗೆ ಗಂಜಿ, ಸೀರೆಗೆ ಗಂಜಿ, ಇನ್ನು ಕಾರಿಗೇಕೆ ಬೇಡ? ಸೋರುವುದು ಒಂದು ವಾರ ನಿಂತಿರಬಹುದು. ಆಮೇಲೆ ಒಳಗೆಲ್ಲ ಅಂಟಾಗಿ, ನೀರು ಓಡುವ ದಾರಿಯೇ ಮುಚ್ಚಿಹೋಗಿತ್ತು. ನಾನು ಬಕೆಟ್ ಹಿಡಿದು ಫ್ಲ್ಯಾಟಿನ ಕೆಳಗೆ ನಿಂತು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಇವರು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದುಕೊಂಡು, ಊಟದ ಹೊತ್ತಿಗೆ ಸರಿಯಾಗಿ ಉಪ್ಪಿನಕಾಯಿಯೂ ಉಂಟಲ್ಲ ಎಂದರು. ನಾನು ನೋಡಿದ ನೋಟಕ್ಕೆ ಸ್ಪ್ಯಾನರ್ ಕೆಳಗಿಟ್ಟು ಮೆಟ್ಟಿಲು ಹತ್ತಿದರು.

ಎಲ್ಲವನ್ನೂ ಗ್ಯಾರೇಜಿಗೆ ಕೊಟ್ಟುಬಿಡಬಹುದಿತ್ತು. ವಾದಿ ಕಬೀರಿನ ಪಠಾಣ್ ಮೆಕ್ಯಾನಿಕ್ ನೋಡಿ, "ಬಾಜಿ, ತೀನ್ ದಿನ್ ಛೋಡೋ" ಅಂದ. ಮೂರು ದಿನ ಬಿಟ್ಟು ಹೋಗಬೇಕಂತೆ. ಆ ಮೂರು ದಿನದಲ್ಲಿ ಮಗಳಿಗೆ ಉಬ್ಬಸ ಬಂದರೆ? ಬೇಡ, ನಾನೇ ಮಾಡುತ್ತೇನೆ, ಸಾಮಾನು ಮಾತ್ರ ಕೊಡು ಎಂದೆ. ಅವನು ಇವರ ಮುಖ ನೋಡಿದ. ಇವರು, ಅವಳಿಗೆ ಬರ್ತದೆ ಎಂದರು. ಆ ಒಂದು ಮಾತಿಗೆ ನಾನು ಇವರ ಎಷ್ಟೋ ತಪ್ಪುಗಳನ್ನು ಮನ್ನಿಸಿದ್ದೇನೆ.

ಹಾಗೆ ಪ್ರತಿ ಶುಕ್ರವಾರ ಬೆಳಿಗ್ಗೆ, ಬಿಸಿಲು ಗೋಡೆಯಿಂದ ಇಳಿಯುವ ಮೊದಲು, ನಾನು ಇವರ ಹಳೆಯ ಪ್ಯಾಂಟು ಹಾಕಿ ಕಾರಿನಡಿ ಮಲಗತೊಡಗಿದೆ. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸುವವರಿಗೆ ಅವತ್ತು ಬಹಳ ಬಟ್ಟೆ ಇರುತ್ತಿತ್ತು. ಬ್ಯಾಟರಿಗೆ ಹೊಸ ಕೊಂಡಿ ಹಾಕಿದೆ. ಸ್ಕ್ರ್ಯಾಪಿನಿಂದ ತಂದ ಸೈಲೆನ್ಸರ್ ಕೂರಿಸಿದೆ. ಮುಂದಿನ ಬಾಗಿಲಿನ ಒಳಹಲಗೆ ಬಿಚ್ಚಿ ಕಿಟಕಿಯ ಗಾಜು ಏರಿಸುವ ಹಲ್ಲಿನ ಚಕ್ರ ಬದಲಿಸಿದೆ. ಇದನ್ನು ಮೊದಲು ಮಾಡಿದ್ದು ಮಗಳಿಗಾಗಿ, ಗಾಜು ಸರಿಯಾಗಿ ಮುಚ್ಚದಿದ್ದರೆ ಧೂಳೆಲ್ಲ ಅವಳ ಎದೆಗೇ ಹೋಗುತ್ತದೆ. ಹಿಂದಿನ ಬಾಗಿಲಿನ ಹಗ್ಗ ಕತ್ತರಿಸಿ ಬಿಸಾಡಿ ಬೀಗ ರಿಪೇರಿ ಮಾಡಿದೆ. ರೇಡಿಯೇಟರನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ನಾಲ್ಕು ಸಲ ತೊಳೆದೆ. ತೂತಿಗೆ ಬೆಸುಗೆ ಹಾಕಿಸಲು ಮಾತ್ರ ಅದನ್ನು ಬಿಚ್ಚಿ ಕಳಿಸಲೇಬೇಕಾಯಿತು. ಗುರುವಾರ ಅರ್ಧ ದಿನದ ಆಫೀಸು ಮುಗಿಸಿ ಬಂದ ಇವರು, ಇಸ್ತ್ರಿ ಹಾಕಿದ ಅಂಗಿಯಲ್ಲಿ, ರೇಡಿಯೇಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ವಾದಿ ಕಬೀರಿಗೆ ಹೋಗಿ ಬಂದರು. ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆ ಕೆಳಗೆ ಕಾರು ಬಾಯಿ ತೆರೆದು ನಿಂತಿತ್ತು, ನಾನು ಮಗಳ ಪಕ್ಕ ಕೂತು ಅವಳ ಉಸಿರು ಎಣಿಸುತ್ತಿದ್ದೆ. ಅವಳು ಚಿತ್ರಕ್ಕೆ ಬಣ್ಣ ತುಂಬುತ್ತಾ, "ಮಮ್ಮೀ, ಐ ಆಮ್ ಫೈನ್" ಎಂದು ಎರಡು ಸಲ ಹೇಳಿದಳು.

ಉಳಿದದ್ದು ಫ್ಯಾನಿನ ಸೆನ್ಸರ್. ಆ ಮಾಡೆಲಿನದ್ದು ಸಿಗದೆ ಪಠಾಣ್ ನಾಲ್ಕು ವಾರ ಇನ್‌ಶಾ ಅಲ್ಲಾ ಅಂದ. ಅಲ್ಲಿಯವರೆಗೆ ಗೋಡೆ ಸ್ವಿಚ್ಚೇ ಗತಿ. ಮುಂದಿನ ಸೀಟಿನಲ್ಲಿ ಕೂರುವ ಮಗಳಿಗೆ ಆ ಕೆಲಸ ಕೊಟ್ಟೆ. ಮುಳ್ಳು ಈ ಗೆರೆಗೆ ಬಂದರೆ ಒತ್ತು, ಕೆಳಗೆ ಇಳಿದರೆ ಆರಿಸು. ಅವಳಿಗೆ ಅದರಷ್ಟು ಖುಷಿ ಇನ್ನೊಂದಿರಲಿಲ್ಲ. ಕ್ಲಾಸಿನಲ್ಲಿ, ನಮ್ಮ ಕಾರನ್ನು ಮಮ್ಮಿ ಮತ್ತು ನಾನು ಇಬ್ಬರೂ ಓಡಿಸುತ್ತೇವೆ ಎಂದು ಹೇಳಿ ಬಂದಿದ್ದಳು. ಸ್ಕ್ರ್ಯಾಪಿನಿಂದ ಸೆನ್ಸರ್ ಬಂದು ನಾನು ಅದನ್ನು ಹಾಕಿದ ದಿನ, ಸ್ವಿಚ್ಚು ಕಿತ್ತುಬಿಡುತ್ತೇನೆ ಅಂದಾಗ ಅವಳ ಕಣ್ಣು ತುಂಬಿತು. "ಪ್ಲೀಸ್ ಮಮ್ಮೀ" ಅಂದಳು. ಹಾಳಾಗಿ ಹೋಗಲಿ, ಇರಲಿ ಅಂತ ಎರಡೂ ವಯರು ಹಾಗೇ ಬಿಟ್ಟೆ.

ಆ ರಾಜಿಯಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ. ಪರಿಚಯದವರೊಬ್ಬರು ರಜೆಗೆ ಊರಿಗೆ ಹೊರಟಿದ್ದರು. ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕಳಿಸುವುದು ಆಗ ಎಲ್ಲರ ಕ್ರಮ. ನಾನು ಪೊರ್ಬುಗಳಿಗೆ ಎರಡು ಪುಟ ಬರೆದೆ. ಮೊಳೆಯ ಬಗ್ಗೆ ಬರೆದೆ, ಹಾಲಿನ ಡಬ್ಬಿಯ ಬಗ್ಗೆ ಬರೆದೆ. ಬಾಗಿಲು ಕಟ್ಟಿಹಾಕಲು ಅದೇನು ಹಟ್ಟಿಯಾ ಎಂದು ಕೇಳಿದೆ. ಗಂಜಿ ಎರೆದ ಪುಣ್ಯಾತ್ಮರು ಜೊತೆಗೆ ಚಟ್ನಿಯನ್ನೂ ಹಾಕಬೇಕಿತ್ತು ಎಂದೆ. ಕಾರಿಗೆ ಗೋಡೆ ಸ್ವಿಚ್ಚು ಹಾಕುವವರನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ ಎಂದೂ, ಉಬ್ಬಸದ ಮಗು ಇರುವ ಮನೆಗೆ ಗೊತ್ತಿದ್ದೂ ಇಂಥ ಕಾರು ಕೊಟ್ಟ ನಿಮಗೆ ನಾಚಿಕೆಯಾಗಬೇಕು ಎಂದೂ ಬರೆದೆ. ಇವರು ಓದಿ ಬೆವರಿದರು.

"ಬೇಡ ಮಾರಾಯ್ತಿ. ಪ್ರಾಯದವರು. ಊರಿನವರು."

"ಊರಿನವರು ಅಂತಲೇ ಬರೆದದ್ದು" ಎಂದು ಅಂಟು ಸವರಿ ಕೊಟ್ಟೆ.

ಕಾಗದ ಹೋಗಿ ಎರಡು ವಾರವಾಗಿರಬಹುದು. ಇವರು ಕೊಟ್ಟ ಮೂರು ತಿಂಗಳು ಮುಗಿಯುತ್ತಾ ಬಂದಿತ್ತು. ಅವತ್ತು ಬೆಳಿಗ್ಗೆಯಿಂದಲೇ ಗಾಳಿ ಎದ್ದು, ಮಧ್ಯಾಹ್ನದ ಹೊತ್ತಿಗೆ ಎದುರಿನ ಕಟ್ಟಡ ಕಾಣಿಸದಷ್ಟು ಧೂಳು. ಇವರು ನಿಜ್ವಾದಲ್ಲಿದ್ದರು. ಮಗಳು ಸ್ಕೂಲಿನಿಂದ ಬಂದವಳು ಊಟಕ್ಕೆ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ಉಬ್ಬಸದ ಔಷಧಿಯ ಪಂಪು ಎಳೆಸಿದೆ, ಮತ್ತೊಮ್ಮೆ ಎಳೆಸಿದೆ, ಇಳಿಯಲಿಲ್ಲ. ತುಟಿಯ ಬಣ್ಣ ನೋಡಿದ ಮೇಲೆ ನಾನು ಮತ್ತೇನೂ ಯೋಚಿಸಲಿಲ್ಲ. ಎತ್ತಿಕೊಂಡು ಮೆಟ್ಟಿಲಿಳಿದು, ಮುಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಾಜು ಏರಿಸಿದೆ, ಏರಿದ ಗಾಜು ಅಲ್ಲೇ ನಿಂತಿತು. ನನ್ನ ಕೆಲಸ ಎಂದು ಹೆಮ್ಮೆಪಡಲು ಆಗ ಪುರಸೊತ್ತಿರಲಿಲ್ಲ.

ದೊಡ್ಡ ರಸ್ತೆಗೆ ಬಂದು ಸ್ವಲ್ಪ ದೂರ ಹೋದ ಮೇಲೆ ವಾಹನಗಳೆಲ್ಲ ನಿಂತಿದ್ದವು. ಮುಂದೆ ರೌಂಡಬೌಟಿನಲ್ಲಿ ಧೂಳಿಗೆ ಕಾಣದೆ ಎರಡು ಗಾಡಿ ಗುದ್ದಿಕೊಂಡಿದ್ದವು. ಅಲುಗಾಡುವ ಹಾಗಿಲ್ಲ. ನಾನು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಮಗಳ ಬೆನ್ನು ಸವರುತ್ತಾ, ಹಾರ್ನ್ ಒತ್ತಿ ಒತ್ತಿ ಇಟ್ಟೆ. ಮುಂದಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿ, ಮಗುವನ್ನು ಕಂಡು, ಅಷ್ಟಿಷ್ಟು ಸರಿದು ಜಾಗ ಮಾಡತೊಡಗಿದರು. ನಡೆದು ಹೋಗುವಷ್ಟು ನಿಧಾನಕ್ಕೆ ನಾವು ಅವರ ನಡುವೆ ತೂರುತ್ತಿದ್ದೆವು. ನನ್ನ ಕಣ್ಣು ರಸ್ತೆಯ ಮೇಲೆ, ಕಿವಿ ಅವಳ ಎದೆಯ ಸಿಳ್ಳಿನ ಮೇಲೆ. ಮುಳ್ಳಿನ ನೆನಪು ಯಾರಿಗಿತ್ತು?

ನಾನು ಹಾಕಿದ ಸೆನ್ಸರ್ ಕೆಲಸ ಮಾಡಲಿಲ್ಲ. ಸ್ಕ್ರ್ಯಾಪಿನ ಸಾಮಾನು, ಅಷ್ಟೇ ಅದರ ಯೋಗ್ಯತೆ. ಫ್ಯಾನ್ ತಿರುಗದೆ ಎಂಜಿನ್ ಕಾಯುತ್ತಿತ್ತು, ಇನ್ನೆರಡು ನಿಮಿಷ ಹೋಗಿದ್ದರೆ ಧೂಳಿನ ನಡುವೆ ಕುದ್ದು ನಿಂತುಬಿಡುತ್ತಿತ್ತು. ನಾನು ನೋಡಲೇ ಇಲ್ಲ. ನೋಡಿದವಳು ಅವಳು. ಮಾತಾಡಲು ಉಸಿರಿಲ್ಲದ ಮಗು, ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡಿನ ಅಡಿಗೆ ಕೈ ಚಾಚಿ, ಟಕ್ ಅನ್ನಿಸಿದಳು. ಫ್ಯಾನ್ ಗುರ್ರೆಂದು ತಿರುಗಿತು. ಆಗ ಮುಳ್ಳು ನೋಡಿದೆ. ಕೆಂಪು ಗೆರೆಗೆ ಕೂದಲೆಳೆಯಷ್ಟು ಕೆಳಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ನಿಧಾನವಾಗಿ ಇಳಿಯತೊಡಗಿತು. ಅವಳು ಸ್ವಿಚ್ಚಿನಿಂದ ಕೈ ತೆಗೆಯಲಿಲ್ಲ, ಆಸ್ಪತ್ರೆಯ ಬಾಗಿಲು ಬರುವವರೆಗೂ ಅದನ್ನು ಹಿಡಿದುಕೊಂಡೇ ಇದ್ದಳು.

ಸಂಜೆಯ ಹೊತ್ತಿಗೆ ಮಗಳು ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ನಿದ್ದೆಹೋದಳು. ಇವರು ಸುದ್ದಿ ತಿಳಿದು ನಿಜ್ವಾದಿಂದ ಬಂದರು. ನಾನು ನಡೆದದ್ದೆಲ್ಲ ಹೇಳಿದೆ. ಇವರು ಅವಳ ಕಾಲಡಿ ಕೂತು, ಇನ್ನು ಊರಿಗೆ ಹೋಗುವ ಮಾತು ಬೇಡ ಎಂದರು. ಮೂರು ತಿಂಗಳಿಂದ ಕಾಯುತ್ತಿದ್ದ ಮಾತು ಅದು. ನನಗೆ ಮಾತ್ರ ಸಂತೋಷದ ಜೊತೆಗೇ ಪೊರ್ಬುಗಳಿಗೆ ಬರೆದ ಕಾಗದ ನೆನಪಾಯಿತು. ಯಾವ ಸ್ವಿಚ್ಚಿಗೆ ಎರಡು ಪುಟ ಬೈದು ಬರೆದಿದ್ದೆನೋ ಅದೇ ಸ್ವಿಚ್ಚು ಮಗಳನ್ನು ಉಳಿಸಿತು. ಆ ಕಾಗದ ಇನ್ನೂ ತಲುಪದಿರಲಿ ಎಂದು ದೇವರಿಗೆ ಹರಕೆ ಹೊತ್ತೆ. ಒಯ್ದವರಿಂದ ಸುದ್ದಿ ಬಂತು, ಹೋದ ಮರುದಿನವೇ ಕೈಯಾರೆ ಮುಟ್ಟಿಸಿದ್ದಾರಂತೆ. ಊರಿನವರು ಬೇಡದ ಕೆಲಸದಲ್ಲಿ ಬಹಳ ಚುರುಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ತಿಂಗಳು ಕಳೆದು ಇವರ ಆಫೀಸಿನ ಪೋಸ್ಟ್ ಬಾಕ್ಸಿಗೆ ಉತ್ತರ ಬಂತು. ಟೈಪಿಸ್ಟರ ಕಾಗದ, ಆದರೆ ಕೈಬರಹ. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಕೊಂಕಣಿಯಲ್ಲಿ ಮಗಳನ್ನು ಕರೆಯುವ ಹಾಗೆ ಶುರು ಮಾಡಿದ್ದರು.

"ಬಾಯೇ, ನೀನು ಬರೆದದ್ದೆಲ್ಲ ಸರಿ. ಹೇಳದೆ ಕೊಟ್ಟದ್ದು ನನ್ನ ತಪ್ಪು. ಹೇಳಿದರೆ ನೀವು ಬೇಡ ಅಂತೀರಿ, ನಮ್ಮ ಹೊರಡುವುದು ತಡ ಆಗ್ತದೆ ಅಂತ ಹೆದರಿದೆ. ವಾರಕ್ಕೆ ಮೂರು ಸಲ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕಿತ್ತು. ಯಾರಿಗೂ ಹೇಳಬಾರದು ಅಂತ ಅವಳ ಹಟ. ಗ್ಯಾರೇಜಿನವರು ಎರಡು ದಿನ ಬಿಡಿ ಅಂತಾರೆ. ಎರಡು ದಿನ ಕಾರಿಲ್ಲದೆ ನಾನು ಏನು ಮಾಡುವುದು? ಹಾಗೆ ಎಲ್ಲವೂ ಅರ್ಧ ಗಂಟೆಯ ರಿಪೇರಿ, ನನಗೆ ತಿಳಿದ ಹಾಗೆ. ಹಗ್ಗದ ಬಾಗಿಲಿಗೆ ಅವಳು ತಲೆ ಕೊಟ್ಟು ಮಲಗುವುದು. ಒಂದು ದಿನ ರಸ್ತೆಯಲ್ಲಿ ಅದು ತಾನಾಗಿ ತೆರೆದುಕೊಂಡಿತು. ಆಮೇಲೆ ಹಗ್ಗ ಕಟ್ಟಿದ್ದು. ಗಂಜಿಯೂ ಹಾಗೇ. ಅವಳಿಗೆ ಆಗ ಗಂಜಿ ಬಿಟ್ಟು ಬೇರೆ ಇಳಿಯುತ್ತಿರಲಿಲ್ಲ. ದಾರಿಯಲ್ಲಿ ಕಾರು ಸೋರಿ ನಿಂತಾಗ, ನನ್ನದನ್ನು ಅದಕ್ಕೇ ಕೊಡಿ ಅಂತ ಅವಳೇ ಫ್ಲಾಸ್ಕ್ ಕೊಟ್ಟದ್ದು."

ನಾನು ಒಲೆ ಆರಿಸಿ ನೆಲದ ಮೇಲೆ ಕೂತೆ. ಕಾರು ಬಾಯಿ ತೆರೆದು ನಿಂತಿದ್ದ ಆ ನಾಲ್ಕು ಗಂಟೆ ನೆನಪಾಯಿತು. ನನಗೆ ನಾಲ್ಕು ಗಂಟೆ, ಆ ಮನುಷ್ಯನಿಗೆ ಎಷ್ಟು ತಿಂಗಳೋ. ನಾನು ಬಕೆಟ್ಟಿನಿಂದ ಚರಂಡಿಗೆ ಚೆಲ್ಲಿದ್ದು ಆ ತಾಯಿಯ ಊಟ. ಕಾಗದದ ಕೊನೆಯಲ್ಲಿ ಇನ್ನೂ ನಾಲ್ಕು ಸಾಲು ಇತ್ತು.

"ಊರಿಗೆ ಬಂದು ಇಪ್ಪತ್ತೆರಡು ದಿನಕ್ಕೆ ಅವಳು ಹೋದಳು. ಆ ಕಾರಿನ ಬಗ್ಗೆ ನನಗೆ ಅವಳ ಬೈಗುಳ ಇಲ್ಲದ ದಿನ ಇರಲಿಲ್ಲ. ಈಗ ನನ್ನನ್ನು ಯಾರೂ ಬೈಯುವುದಿಲ್ಲ, ಎಲ್ಲರೂ ಪಾಪ ಅನ್ನುತ್ತಾರೆ. ನಿನ್ನ ಕಾಗದ ಎರಡು ಸಲ ಓದಿದೆ. ಚಟ್ನಿಯ ಮಾತಿಗೆ ನಗು ಬಂತು. ಬಹಳ ದಿನ ಆಗಿತ್ತು."

ಇವರು ಬಂದು ನನ್ನ ಕೈಯಿಂದ ಕಾಗದ ತೆಗೆದು ಓದಿದರು. ಓದಿ, ಒಂದು ಸಮಾಧಾನದ ಕಾಗದ ಬರಿ, ಕ್ಷಮೆ ಕೇಳು ಎಂದರು. ಕೂತು ಬರೆದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಬರೆದದ್ದನ್ನು ಓದಿ ನನಗೇ ಹೇಸಿಗೆಯಾಯಿತು. ಪಾಪ ಅನ್ನುವವರ ಸಾಲಿಗೆ ಇನ್ನೊಬ್ಬಳು. ಹರಿದು ಹಾಕಿದೆ. ಮೂರನೆಯ ಹಾಳೆಯಲ್ಲಿ, ಮಗಳು ಸ್ವಿಚ್ಚು ಒತ್ತಿದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಆ ಸ್ವಿಚ್ಚು ಕಾರು ಇರುವವರೆಗೂ ಅಲ್ಲೇ ಇರುತ್ತದೆ ಎಂದೆ. ಅಷ್ಟು ಬರೆದು, ಕೆಳಗೆ ಸೇರಿಸಿದೆ: "ಅದಿರಲಿ ಪೊರ್ಬುಗಳೇ, ಹಾರ್ನಿನ ವಯರನ್ನು ಹಾಗೆ ಯಾರಾದರೂ ಕಟ್ಟುತ್ತಾರಾ? ಇಷ್ಟು ವರ್ಷ ಕಾರು ಓಡಿಸಿ ನಿಮಗೆ ಅಷ್ಟೂ ತಿಳಿಯಲಿಲ್ಲವಾ? ಬಾಯಮ್ಮ ನಿಮ್ಮನ್ನು ಬೈದದ್ದು ಕಡಿಮೆಯೇ ಆಯಿತು."

ಆ ಕಾರು ತೊಂಬತ್ತರ ದಶಕದವರೆಗೂ ನಮ್ಮಲ್ಲಿತ್ತು. ಮಗಳು ಬೆಳೆಯುತ್ತಾ ಅವಳ ಉಬ್ಬಸ ಕಡಿಮೆಯಾಯಿತು, ಅವಳ ಕಾಲು ಸ್ವಿಚ್ಚಿಗೆ ತಾಗುವಷ್ಟು ಉದ್ದವಾಯಿತು. ಎರಡು ಮೂರು ತಿಂಗಳಿಗೊಮ್ಮೆ ನಾನು ಪೊರ್ಬುಗಳಿಗೆ ಬೈದು ಬರೆಯುತ್ತಿದ್ದೆ. ಒಮ್ಮೆ ಡಿಕ್ಕಿಯ ಬೀಗ, ಒಮ್ಮೆ ವೈಪರ್, ಒಮ್ಮೆ ಬ್ರೇಕು. ಕಾರು ಮಾರಿದ್ದನ್ನು ಅವರಿಗೆ ತಿಳಿಸಲೇ ಇಲ್ಲ, ಮಾರಿದ ಮೇಲೂ ಬೈಯುತ್ತಿದ್ದೆ. ಅವರ ಉತ್ತರ ತಪ್ಪದೆ ಬರುತ್ತಿತ್ತು. ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ಯಾರ ಕೈಯೂ ತಾಗದ ಆ ಹಾರ್ನಿನ ಕಾಗದಕ್ಕೆ ಬಂದದ್ದು ಒಂದು ಕಾರ್ಡು, ಎರಡೇ ಸಾಲು.

"ಹೌದು ಬಾಯೇ, ಹಾರ್ನ್ ಕಟ್ಟಿದ್ದು ನಾನೇ. ತಪ್ಪಾಯಿತು, ಇನ್ನೂ ಏನೇನು ಹಾಳು ಮಾಡಿದ್ದೇನೆ ನೋಡಿ ಬರಿ."